ಥೆರಪಿಗೆ ದುಡ್ಡಿದೆ, ಓದುವ ಕೋಣೆಗೆ ಇಲ್ಲ

ನನ್ನ ಮಗಳು ಓದುವಾಗ ಗುಂಯ್‌ಗುಡುತ್ತಾಳೆ. ಹಾಡಲ್ಲ, ಮಾತಲ್ಲ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ ಒಂದೇ ಶ್ರುತಿಯ ಸದ್ದು. ಪುಸ್ತಕ ಹಿಡಿಸಿದಷ್ಟೂ ಸದ್ದು ಜೋರಾಗುತ್ತದೆ. ಹನ್ನೊಂದು ವರ್ಷ ಅವಳಿಗೆ. ಆಟಿಸಂ ಇದೆ. ಅಟ್ಲಾಸ್ ಅಂದರೆ ಪ್ರಾಣ.

ಕಳೆದ ವರ್ಷ ಒಂದು ಭಾನುವಾರ ಅವಳನ್ನು ಚೆನ್ನೈನ ಒಂದು ಶಾಖಾ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ತಪ್ಪೆಲ್ಲ ಆ ಒಂದು ಕಟ್ಟಡದ್ದು ಅಂತಾಗುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಕಳೆಯಿತು. ಆಫ್ರಿಕಾದ ಪುಟ ಬಂತು, ಸದ್ದು ಶುರುವಾಯಿತು. ಪಕ್ಕದ ಮೇಜಿನಲ್ಲಿ ಟಿಎನ್‌ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಹುಡುಗರು ತಲೆ ಎತ್ತಿದರು. ಗ್ರಂಥಪಾಲಕಿ ಎದ್ದು ಬಂದು ಗೋಡೆಯ ಮೇಲಿನ ‘ಅಮೈದಿ’ ಬೋರ್ಡು ತೋರಿಸಿದರು. ನಾನು ವಿಷಯ ಹೇಳಿದೆ. ಆಕೆಯ ಮುಖ ಮೆತ್ತಗಾಯಿತು. ನಿಜವಾದ ಕಾಳಜಿಯಿಂದಲೇ ಅಂದರು: “ಇಂಥ ಮಕ್ಕಳಿಗೆ ಅಂತಲೇ ಸೆಂಟರ್ ಇದೆಯಲ್ಲ ಸಾರ್, ಅಲ್ಲಿಗೆ ಕರ್ಕೊಂಡು ಹೋಗಿ.”

ಬೈದಿದ್ದರೆ ಜಗಳವಾಡಿ ಮರೆತುಬಿಡುತ್ತಿದ್ದೆ. ಬೈಯಲಿಲ್ಲ, ಅದಕ್ಕೇ ಈ ಮಾತು ಇನ್ನೂ ತಲೆಯಲ್ಲಿ ಕೂತಿದೆ. ಗ್ರಂಥಾಲಯಕ್ಕೆ ಬಂದ ಮಗುವಿಗೆ ಆಕೆ ದಾರಿ ತೋರಿಸಿದ್ದು ಆಸ್ಪತ್ರೆಯ ಕಡೆಗೆ. ಆಕೆಯೊಬ್ಬರೇ ಅಲ್ಲ; ನಮ್ಮ ಸರ್ಕಾರಗಳು, ನಮ್ಮ ಕಂಪನಿಗಳು, ನಾವೂ ಅದೇ ದಾರಿ ತೋರಿಸುತ್ತೇವೆ. ಈ ಲೇಖನದ ಜಗಳ ಅದರ ಜೊತೆ.

ಚೆನ್ನೈನಲ್ಲಿರುವವರಿಗೆ ಕೋಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ ಗೊತ್ತೇ ಇರುತ್ತದೆ. 2010ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಮರುವರ್ಷ ಸರ್ಕಾರ ಬದಲಾಯಿತು. 2011ರ ನವೆಂಬರ್‌ನಲ್ಲಿ ಹೊಸ ಸರ್ಕಾರ ಗ್ರಂಥಾಲಯವನ್ನು ಅಲ್ಲಿಂದ ಎತ್ತಿ, ಆ ಕಟ್ಟಡವನ್ನು ಮಕ್ಕಳ ಆಸ್ಪತ್ರೆ ಮಾಡುತ್ತೇವೆ ಎಂದಿತು. ಊರೆಲ್ಲ ಗಲಾಟೆಯಾಯಿತು, ಮದ್ರಾಸ್ ಹೈಕೋರ್ಟ್ ತಡೆ ಕೊಟ್ಟಿತು, ಗ್ರಂಥಾಲಯ ಉಳಿಯಿತು. ಮಕ್ಕಳಿಗೆ ಆಸ್ಪತ್ರೆ ಬೇಡ ಅಂತ ಯಾರೂ ಅನ್ನಲಿಲ್ಲ. ಆಸ್ಪತ್ರೆಗಾಗಿ ಗ್ರಂಥಾಲಯ ಕಿತ್ತುಕೊಳ್ಳಬೇಡಿ ಅಂದರು, ಅಷ್ಟೇ. ನನ್ನ ಮಗಳಂಥ ಮಕ್ಕಳ ಮಟ್ಟಿಗೆ ಆ ಕಿತ್ತುಕೊಳ್ಳುವಿಕೆ ಎಂದೋ ಮುಗಿದಿದೆ. ಅವರ ಪರವಾಗಿ ಯಾರೂ ಕೋರ್ಟಿಗೆ ಹೋಗಲಿಲ್ಲ.

‘ನ್ಯೂರೋಡೈವರ್ಸಿಟಿ’ ಅನ್ನುವ ಪದ ಈಗ ನಮ್ಮ ಆಫೀಸುಗಳಲ್ಲಿ ದಾರಾಳವಾಗಿ ಓಡಾಡುತ್ತಿದೆ. ಕನ್ನಡದಲ್ಲಿ ನರವೈವಿಧ್ಯ ಅನ್ನಬಹುದು. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರ ಮಿದುಳು ಲೋಕವನ್ನು ಬೇರೆ ಬಗೆಯಲ್ಲಿ ಒಳಗೆ ತೆಗೆದುಕೊಳ್ಳುತ್ತದೆ. ಒಬ್ಬರಿಗೆ ಟ್ಯೂಬ್‌ಲೈಟಿನ ಮಿಣುಕು ಕಣ್ಣಿಗೆ ಸೂಜಿ ಚುಚ್ಚಿದಂತೆ, ಇನ್ನೊಬ್ಬರಿಗೆ ಫ್ಯಾನಿನ ಕಿರ್‌ಕಿರ್ ಸಹಿಸಲಾಗದು, ಮತ್ತೊಬ್ಬರಿಗೆ ಕೂತಲ್ಲೇ ಕೂರುವುದೇ ಶಿಕ್ಷೆ. ಅವರಿಗೆ ಲೋಕ ಒಗ್ಗದಿದ್ದಾಗ ಎರಡು ದಾರಿಗಳಿವೆ. ಒಂದು, ಮಗುವನ್ನು ಲೋಕಕ್ಕೆ ಒಗ್ಗಿಸುವುದು. ಇನ್ನೊಂದು, ಕೋಣೆಯನ್ನು ಮಗುವಿಗೆ ಸ್ವಲ್ಪ ಒಗ್ಗಿಸುವುದು. ಎರಡೂ ಬೇಕು. ಸರ್ಕಾರದ ದುಡ್ಡು ಹರಿಯುತ್ತಿರುವುದು ಮೊದಲನೆಯ ದಾರಿಯಲ್ಲಿ.

ಹರಿಯುತ್ತಿದೆ ಅನ್ನುವುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ತಮಿಳುನಾಡು ಈ ವಿಷಯದಲ್ಲಿ ಅನೇಕ ರಾಜ್ಯಗಳಿಗಿಂತ ಮುಂದಿದೆ. ವಿಶ್ವಬ್ಯಾಂಕ್ 2022ರಲ್ಲಿ ಇಲ್ಲಿನ ‘ರೈಟ್ಸ್’ ಯೋಜನೆಗೆ 16.2 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದರಡಿ ‘ವಿಳುದುಗಳ್’ ಅನ್ನುವ ಕೇಂದ್ರಗಳು ಬಂದಿವೆ. ವಿಳುದು ಅಂದರೆ ನಮ್ಮ ಬಿಳಲು, ಆಲದ ಮರದ್ದು. ಒಂದೇ ಸೂರಿನಡಿ ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ, ಫಿಸಿಯೋಥೆರಪಿ. ಖಾಸಗಿ ಸೆಂಟರುಗಳಲ್ಲಿ ಗಂಟೆ ಲೆಕ್ಕದಲ್ಲಿ ಹಣ ಸುರಿದ ನನ್ನಂಥವನಿಗೆ ಇದರ ಬೆಲೆ ಗೊತ್ತು. ಕಟ್ಟಡ ಕೆಲಸದವರ ಮಗುವಿಗೂ ಥೆರಪಿ ಸಿಗುವಂತಾದರೆ ಅದು ದೊಡ್ಡ ಮಾತು.

ಆದರೆ ಥೆರಪಿ ಮುಕ್ಕಾಲು ಗಂಟೆಯ ವ್ಯವಹಾರ. ಆಮೇಲೆ? ಥೆರಪಿ ಕೊಠಡಿಯಲ್ಲಿ ಅವಳು ಪೇಷಂಟು. ಅಲ್ಲಿ ಅವಳು ಏನು ಮಾಡಿದರೂ ಯಾರೋ ಒಬ್ಬರು ಬರೆದುಕೊಳ್ಳುತ್ತಿರುತ್ತಾರೆ. ಬಾಲ್ ಎಸೆದರೆ ಅಂಕ, ಕಣ್ಣಿಟ್ಟು ನೋಡಿದರೆ ಅಂಕ. ಗ್ರಂಥಾಲಯದಲ್ಲಿ ಅಂಕವಿಲ್ಲ. ಅಲ್ಲಿ ಅವಳು ಅಟ್ಲಾಸ್ ನೋಡಲು ಬಂದ ಒಬ್ಬ ಹುಡುಗಿ. ಸುಧಾರಿಸದೆಯೂ ಸುಮ್ಮನೆ ಇರಬಹುದಾದ ಒಂದು ಜಾಗ ಊರಲ್ಲಿ ಬೇಡವೇ? ನಮಗೆಲ್ಲ ಅಂಥ ಜಾಗಗಳಿವೆ: ಕಾಫಿ ಅಂಗಡಿ, ಬೀಚು, ದೇವಸ್ಥಾನದ ಜಗಲಿ. ಅವಳ ಪಾಲಿಗೆ ಇವೆಲ್ಲ ಗದ್ದಲದ ಕುಲುಮೆಗಳು. ಉಳಿದಿದ್ದು ಗ್ರಂಥಾಲಯ ಒಂದೇ.

ಈಗ ದುಡ್ಡಿನ ವಿಷಯ. ನಾನು ಹೊಸ ತೆರಿಗೆ ಕೇಳುತ್ತಿಲ್ಲ. ದುಡ್ಡನ್ನು ನಾವು ಆಗಲೇ ಕಟ್ಟುತ್ತಿದ್ದೇವೆ. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಬಂದದ್ದು ಮದ್ರಾಸಿನಲ್ಲಿ, 1948ರಲ್ಲಿ. ಅದರ ಹಿಂದಿದ್ದವರು ಎಸ್.ಆರ್. ರಂಗನಾಥನ್; ಗಣಿತದ ಮೇಷ್ಟ್ರಾಗಿದ್ದವರು, ಬಾಲ್ಯದಿಂದ ಉಗ್ಗು ಇದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಮುಂದೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಡಿಆರ್‌ಟಿಸಿ ಕಟ್ಟಿದವರು. ಆ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಬೀಳುತ್ತದೆ. ತಮಿಳುನಾಡಿನಲ್ಲಿ ಅದೀಗ ರೂಪಾಯಿಗೆ ಹತ್ತು ಪೈಸೆ. ಕರ್ನಾಟಕದ 1965ರ ಕಾಯ್ದೆಯಡಿ ಆರು ಪೈಸೆ. ಬಾಡಿಗೆ ಮನೆಯವರೂ ತಪ್ಪಿಸಿಕೊಂಡಿಲ್ಲ, ಮಾಲೀಕರು ಅದನ್ನು ಬಾಡಿಗೆಯಲ್ಲೇ ಸೇರಿಸಿರುತ್ತಾರೆ.

ಈ ಹಣದ ಗತಿ ಏನಾಗಿದೆ? ಪಾಲಿಕೆಗಳು ವಸೂಲು ಮಾಡಿ ಗ್ರಂಥಾಲಯ ಇಲಾಖೆಗೆ ದಾಟಿಸಬೇಕು. ಬೆಂಗಳೂರಿನಲ್ಲಿ ಪಾಲಿಕೆ ಉಳಿಸಿಕೊಂಡ ಬಾಕಿ ನೂರಾರು ಕೋಟಿ ಎಂಬ ಸುದ್ದಿ ವರ್ಷ ವರ್ಷ ಓದುತ್ತೇವೆ. ಚೆನ್ನೈ ಪಾಲಿಕೆಯ ಬಾಕಿಯ ಸುದ್ದಿಯೂ ಹೊಸದಲ್ಲ. ಓದುವುದಕ್ಕೆಂದು ಕೊಟ್ಟ ದುಡ್ಡು ಇನ್ಯಾವುದೋ ಲೆಕ್ಕದಲ್ಲಿ ಕೂತಿರುತ್ತದೆ. ಹಾಗಿರುವಾಗ “ಅನುದಾನ ಎಲ್ಲಿದೆ ಸಾರ್” ಅನ್ನುವ ಪ್ರಶ್ನೆಗೆ ನನ್ನ ಉತ್ತರ ಸರಳ: ನನ್ನ ತೆರಿಗೆ ರಸೀದಿಯಲ್ಲಿದೆ.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕುಗಳಿವೆ. ಎಡಿಎಚ್‌ಡಿಗೆ ಪ್ರತ್ಯೇಕ ಸ್ಥಾನವಿಲ್ಲ, ಅದು ಬೇರೆ ಜಗಳ. ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷದೊಳಗೆ ಎಲ್ಲರಿಗೂ ಎಟುಕುವಂತೆ ಮಾಡಬೇಕು ಅಂತ ಕಾಯ್ದೆ ಹೇಳಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರಲ್ಲಿ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು: ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಅದು ಕಾಯ್ದೆಗೇ ವಿರುದ್ಧ. ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು.

ಆದರೆ ‘ಎಟುಕುವುದು’ ಅಂದರೆ ನಮ್ಮಲ್ಲಿ ಇಂದಿಗೂ ಇಳಿಜಾರು, ಲಿಫ್ಟು, ಬ್ರೈಲ್ ಮಾತ್ರ. ಅವು ಬೇಕೇ ಬೇಕು, ಅವಕ್ಕಾಗಿ ಹೋರಾಡಿದವರಿಂದಲೇ ನಮಗೆ ಈ ಭಾಷೆ ಬಂದದ್ದು. ಕೋಟ್ಟೂರುಪುರದ ಗ್ರಂಥಾಲಯದ ನೆಲಮಹಡಿಯಲ್ಲೇ ಬ್ರೈಲ್ ವಿಭಾಗ ಇರುವುದನ್ನು ಕಂಡಾಗಲೆಲ್ಲ ಖುಷಿಯಾಗುತ್ತದೆ. ಆದರೆ ನನ್ನ ಮಗಳು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುತ್ತಾಳೆ. ಅವಳನ್ನು ತಡೆಯುವುದು ಬೆಳಕು, ಸದ್ದು, ಮತ್ತು ಜನರ ನೋಟ. ಇವು ಎಂಜಿನಿಯರಿನ ನಕ್ಷೆಯಲ್ಲಿ ಕಾಣುವುದಿಲ್ಲ.

ಏನು ಬೇಕು ಅಂತ ನೇರವಾಗಿ ಹೇಳುತ್ತೇನೆ. ಚೆನ್ನೈ ಪಾಲಿಕೆಯಲ್ಲಿ ಹಲವು ವಲಯಗಳಿವೆ. ವಲಯಕ್ಕೊಂದು ಶಾಖಾ ಗ್ರಂಥಾಲಯ ಆರಿಸಿ. ಅದರಲ್ಲಿ ಬಾಗಿಲು ಮುಚ್ಚಬಹುದಾದ ಒಂದು ಸಣ್ಣ ಕೋಣೆ ಬಿಡಿ. ಮಿಣುಕದ ಬೆಳಕು, ಮಂದ ಮಾಡಲು ಒಂದು ಸ್ವಿಚ್ಚು, ದಪ್ಪ ಪರದೆ, ನೆಲದ ಮೇಲೆ ಒಂದಷ್ಟು ದಿಂಬು, ಕಿವಿಗೆ ಹಾಕುವ ಎರಡು ಹೆಡ್‌ಫೋನು. ಬಾಗಿಲಲ್ಲಿ ಚಿತ್ರಗಳ ಬೋರ್ಡು: ಇಲ್ಲಿ ಚಪ್ಪಲಿ, ಇಲ್ಲಿ ಪುಸ್ತಕ, ಇಲ್ಲಿ ಶೌಚಾಲಯ, ಇಷ್ಟು ಹೊತ್ತಿಗೆ ಮುಚ್ಚುತ್ತೇವೆ. ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಇಂಥ ಮಕ್ಕಳ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಕೋಣೆಗೆ ಜಾಗವೇ ಇಲ್ಲವೇ? ವಾರಕ್ಕೆರಡು ಗಂಟೆ ಇಡೀ ಗ್ರಂಥಾಲಯವನ್ನು ‘ಸದ್ದಿಗೆ ಬೈಯದ ಹೊತ್ತು’ ಅಂತ ಘೋಷಿಸಿ. ಸಿಬ್ಬಂದಿಗೆ ಎರಡು ದಿನ ತರಬೇತಿ ಕೊಡಿ. ಬಹುವಿಧ ಅಂಗವೈಕಲ್ಯಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಇದೇ ಈಸಿಆರ್ ರಸ್ತೆಯಲ್ಲಿ, ಮುಟ್ಟುಕಾಡಿನಲ್ಲಿದೆ. ದೂರ ಹುಡುಕಬೇಕಿಲ್ಲ.

ಇದಕ್ಕೆ ವಸೂಲಾದ ಗ್ರಂಥಾಲಯ ಕರದಲ್ಲಿ ನೂರಕ್ಕೆ ಐದು ರೂಪಾಯಿ ಮೀಸಲಿಡಿ, ಲೆಕ್ಕ ಪ್ರಕಟಿಸಿ. ಐದೇ ಯಾಕೆ? ಅಂಗವಿಕಲರ ಕಾಯ್ದೆ ಬಡತನ ನಿವಾರಣೆ ಯೋಜನೆಗಳಲ್ಲಿ ಶೇ 5 ಮೀಸಲು ಇಡಬೇಕು ಅಂದಿದೆ. ಓದಿನ ಬಡತನಕ್ಕೂ ಅದೇ ಅಳತೆ ಇರಲಿ.

ಇದೇನು ಯಾರೂ ಮಾಡದ ಕೆಲಸವಲ್ಲ. ಸಿಂಗಪುರದಲ್ಲಿ 2023ರಲ್ಲಿ ತೆರೆದ ಪುಂಗ್ಗೋಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಇಂಥವರು ಸಾವರಿಸಿಕೊಳ್ಳಲೆಂದೇ ಪುಟ್ಟ ಗೂಡುಗಳಿವೆ. ಸಿಂಗಪುರ ದುಡ್ಡಿನ ಊರು ಅನ್ನುತ್ತೀರಾ, ಬೆಂಗಳೂರಿಗೆ ಬನ್ನಿ. ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಆಡುವ ಸಾರ್ವಜನಿಕ ಪಾರ್ಕುಗಳನ್ನು ‘ಕಿಲಿಕಿಲಿ’ ಸಂಸ್ಥೆಯ ತಾಯ್ತಂದೆಯರು ಪಾಲಿಕೆಯ ಬೆನ್ನುಬಿದ್ದು ಮಾಡಿಸಿದರು. ಚೆನ್ನೈನ ಸಾಂತೋಮ್‌ನಲ್ಲೂ ಪಾಲಿಕೆ ಅಂಥದೊಂದು ಆಟದ ಪಾರ್ಕು ಮಾಡಿದೆ. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಸೆನ್ಸರಿ ರೂಮ್ ಇದೆ. ವಿಮಾನ ಹತ್ತುವ ಮಗುವಿಗೆ ಕೋಣೆ ಸಿಕ್ಕಿತು. ಬಸ್ಸಲ್ಲಿ ಗ್ರಂಥಾಲಯಕ್ಕೆ ಬರುವ ಮಗುವಿಗೆ ಯಾವಾಗ?

ಆಕ್ಷೇಪಗಳಿವೆ, ಗೊತ್ತು. ಮೊದಲನೆಯದು: ಸೋರುವ ಸೂರು, ಇಲ್ಲದ ಶೌಚಾಲಯ, ಖಾಲಿ ಹುದ್ದೆಗಳ ನಡುವೆ ಈ ಶೋಕಿ ಯಾಕೆ? ಸೂರು ಸೋರುವುದು ಕೂಡ ಅದೇ ಬಾಕಿ ಕರದಿಂದ ಅಲ್ಲವೇ? ಎರಡೂ ಒಂದೇ ಬೇಡಿಕೆ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸಿ ನಾನು ಕಲಿತ ಒಂದು ಪಾಠ, “ಮೊದಲು ಎಲ್ಲರಿಗೂ ಆಗಲಿ, ಆಮೇಲೆ ಇವರಿಗೆ” ಅಂತ ಮುಂದೂಡಿದ ಕೆಲಸ ಯಾವತ್ತೂ ಆಗುವುದಿಲ್ಲ. ಆದರೂ ಮೊದಲೇ ಮಾಡಿದ್ದರೆ ತಗಲುತ್ತಿದ್ದುದಕ್ಕಿಂತ ಹೆಚ್ಚು ಖರ್ಚಿಗೆ ಆಗುತ್ತದೆ. ಹೊಸ ಕಟ್ಟಡ ಕಟ್ಟುವಾಗ ಒಂದು ಗೋಡೆ ಎಬ್ಬಿಸುವುದಕ್ಕೂ ಕಟ್ಟಿದ ಮೇಲೆ ಒಡೆದು ಎಬ್ಬಿಸುವುದಕ್ಕೂ ಇರುವ ವ್ಯತ್ಯಾಸ ಅದು.

ಎರಡನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ: ಪಕ್ಕದ ಮೇಜಿನ ಹುಡುಗರದ್ದು. ಒಂದೇ ಕೋಣೆಯ ಮನೆಯಲ್ಲಿ ಓದಲಾಗದೆ ಬಂದವರು ಅವರು. ಅವರಿಗೂ ಮೌನ ಬೇಕು, ಆ ಮೌನವನ್ನು ನನ್ನ ಮಗಳು ಮುರಿದದ್ದು ನಿಜ. ಅಷ್ಟೇ ಅಲ್ಲ, ಅವಳ ಗುಂಯ್‌ಗುಡುವಿಕೆ ಇನ್ನೊಬ್ಬ ಆಟಿಸಂ ಮಗುವಿಗೇ ಚಿತ್ರಹಿಂಸೆಯಾಗಬಹುದು. ಒಬ್ಬರ ಅಗತ್ಯ ಇನ್ನೊಬ್ಬರಿಗೆ ಅಡ್ಡಿ. ಈ ತಿಕ್ಕಾಟವನ್ನು ಒಳ್ಳೆಯತನದಿಂದ ಬಗೆಹರಿಸಲಾಗದು, ಗೋಡೆಯಿಂದ, ವೇಳಾಪಟ್ಟಿಯಿಂದ ಬಗೆಹರಿಸಬಹುದು. ಅದಕ್ಕೇ ನಾನು ಕೇಳುತ್ತಿರುವುದು ಅನುಕಂಪವನ್ನಲ್ಲ, ಬಜೆಟ್ಟನ್ನು.

ಮೂರನೆಯದು ನಮ್ಮ ಐಟಿ ಜನರ ಮೆಚ್ಚಿನ ಉತ್ತರ: ಸಿಎಸ್‌ಆರ್. ಒಂದು ಶನಿವಾರ ಟೀ ಶರ್ಟ್ ತೊಟ್ಟು ಹೋಗಿ ಗೋಡೆಗೆ ಬಣ್ಣ ಬಳಿದು ಫೋಟೋ ಹಾಕಿದರಾಯಿತು. ನಾನೂ ಬಳಿದಿದ್ದೇನೆ. ಮಾರ್ಚ್ ಮುಗಿದ ಮೇಲೆ ಆ ಕೋಣೆಯ ಬಲ್ಬು ಹೋದರೆ ಯಾರು ಹಾಕಿಸುತ್ತಾರೆ? ಮರೀನಾ ಬೀಚಿನಲ್ಲಿ ಗಾಲಿಕುರ್ಚಿಯವರು ನೀರಿನ ಹತ್ತಿರ ಹೋಗಲೆಂದು ಪಾಲಿಕೆ 2022ರ ನವೆಂಬರ್ 27ರಂದು ಮರದ ಹಾದಿ ತೆರೆಯಿತು. ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ಅದನ್ನು ಕಿತ್ತುಹಾಕಿತು. ಜನ ನಕ್ಕರು. ಆದರೆ ಸಾರ್ವಜನಿಕ ದುಡ್ಡಿನದ್ದಾದ್ದರಿಂದ ಅದನ್ನು ರಿಪೇರಿ ಮಾಡುವ ಹೊಣೆಯೂ ಪಾಲಿಕೆಯ ಮೇಲೆಯೇ ಬಿತ್ತು, ಮಾಡಲೇಬೇಕಾಯಿತು. ದಾನಿಯ ಕೈಯಿಂದ ಬಂದದ್ದು ಮುರಿದರೆ ಯಾರನ್ನೂ ಕೇಳುವ ಹಾಗಿಲ್ಲ. ಹಕ್ಕಿಗೂ ದಾನಕ್ಕೂ ಇರುವ ಫರಕು ಮುರಿದ ದಿನ ಗೊತ್ತಾಗುತ್ತದೆ.

ಇನ್ನು ನಮ್ಮ ಬಗ್ಗೆ. ಓಎಂಆರ್ ರಸ್ತೆಯ ಆಫೀಸುಗಳಲ್ಲಿ ನಮಗೆ ಸದ್ದಿಲ್ಲದ ಫೋನ್ ಬೂತ್ ಇದೆ, ವೆಲ್‌ನೆಸ್ ರೂಮ್ ಇದೆ, ಕಿವಿಗೆ ದುಬಾರಿ ಹೆಡ್‌ಫೋನು ಇದೆ. ಮೌನ ಬೇಕೆಂದಾಗ ನಾವು ಕೊಂಡುಕೊಳ್ಳುತ್ತೇವೆ. ಹಾಗಾಗಿ ಸಾರ್ವಜನಿಕ ಗ್ರಂಥಾಲಯ ಹೇಗಿದೆ ಅಂತ ನೋಡಲು ನಾವು ಹೋಗುವುದೇ ಇಲ್ಲ. ನಮ್ಮ ಕನ್ನಡದ ಕಾರ್ಯಕ್ರಮಗಳೂ ಅಷ್ಟೇ. ರಾಜ್ಯೋತ್ಸವಕ್ಕೆ ಹೋದರೆ ಮೈಕಿನ ಆರ್ಭಟಕ್ಕೆ ನನ್ನ ಮಗಳು ಹತ್ತೇ ನಿಮಿಷಕ್ಕೆ ಕಿವಿ ಮುಚ್ಚಿಕೊಂಡು ಹೊರಗೋಡುತ್ತಾಳೆ. ಕಾರಿನಲ್ಲಿ ಕೂತು ನಾವಿಬ್ಬರೂ ದೂರದಿಂದ ನಾಡಗೀತೆ ಕೇಳುತ್ತೇವೆ.

ಅವಳ ಕನ್ನಡದ ಕತೆಯೂ ಇದರಲ್ಲೇ ಇದೆ. ಮೂರು ವರ್ಷದವಳಿದ್ದಾಗ ಒಬ್ಬ ಥೆರಪಿಸ್ಟು ಮನೆಯಲ್ಲಿ ಇಂಗ್ಲಿಷ್ ಒಂದೇ ಆಡಿ, ಕನ್ನಡ ಬಿಡಿ ಅಂದರು. ಎರಡು ಭಾಷೆ ಆಡಿದರೆ ಆಟಿಸಂ ಮಕ್ಕಳ ಮಾತಿಗೆ ಪೆಟ್ಟು ಬೀಳುತ್ತದೆ ಅನ್ನುವುದಕ್ಕೆ ಆಧಾರವಿಲ್ಲ ಅಂತ ನಾನು ಓದಿ ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷ ಅವಳ ಅಜ್ಜಿ ಫೋನಿನಲ್ಲಿ ಏನು ಮಾತಾಡಬೇಕೆಂದು ತಿಳಿಯದೆ ಸುಮ್ಮನಿರುತ್ತಿದ್ದರು. ಈಗ ಅವಳು ನದಿಗಳ ಹೆಸರನ್ನು ಕನ್ನಡದಲ್ಲೇ ಹೇಳುತ್ತಾಳೆ. ಥೆರಪಿ ಕಿತ್ತುಕೊಂಡದ್ದನ್ನು ಅವಳಿಗೆ ವಾಪಸ್ ಕೊಟ್ಟದ್ದು ಪುಸ್ತಕ.

1931ರಲ್ಲಿ ಮನ್ನಾರ್‌ಗುಡಿಯ ಕಡೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋದರು, ಅದಕ್ಕೆ ಬೆನ್ನಾಗಿ ನಿಂತವರಲ್ಲಿ ರಂಗನಾಥನ್ ಒಬ್ಬರು. ಓದುಗ ಬರಲಾಗದಿದ್ದರೆ ಗ್ರಂಥಾಲಯವೇ ಹೋಗಬೇಕು ಅನ್ನುವುದು ಆ ಗಾಡಿಯ ತರ್ಕ. ಅರಸೀಕೆರೆಯ ಸರ್ಕಾರಿ ಗ್ರಂಥಾಲಯದಲ್ಲಿ ಬಿಟ್ಟಿ ಓದಿ ಎಂಟೆಕ್‌ವರೆಗೆ ಬಂದವನು ನಾನು. ಯಾರದೋ ಆರು ಪೈಸೆ ನನ್ನನ್ನು ಓದಿಸಿತು. ನನ್ನ ಹತ್ತು ಪೈಸೆ ನನ್ನ ಮಗಳನ್ನು ಬಾಗಿಲಲ್ಲೇ ನಿಲ್ಲಿಸಬಾರದು.

ಚೆನ್ನೈ ಪಾಲಿಕೆಗೆ ಅರ್ಧವರ್ಷದ ಆಸ್ತಿ ತೆರಿಗೆಯನ್ನು ಏಪ್ರಿಲ್ ಇಲ್ಲವೇ ಅಕ್ಟೋಬರ್ ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಈ ಸಲ ಕಟ್ಟಿದ ಮೇಲೆ ರಸೀದಿಯ ಪ್ರತಿಯ ಜೊತೆ ಒಂದು ಪುಟದ ಪತ್ರವನ್ನು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರಕ್ಕೂ ನಮ್ಮ ವಾರ್ಡಿನ ಕೌನ್ಸಿಲರ್‌ಗೂ ಕಳಿಸುತ್ತಿದ್ದೇನೆ. ಎರಡೇ ಪ್ರಶ್ನೆ: ನನ್ನ ಗ್ರಂಥಾಲಯ ಕರ ಇಲಾಖೆಗೆ ತಲುಪಿತೇ? ಅದರಲ್ಲಿ ನೂರಕ್ಕೆ ಐದನ್ನು ಇಂಥ ಕೋಣೆಗಳಿಗೆ ಇಡುತ್ತೀರಾ? ಬೆಂಗಳೂರಲ್ಲಿ ಮನೆ ಇರುವವರು ಅಲ್ಲಿನ ರಸೀದಿಯ ಜೊತೆ ಇದನ್ನೇ ಕೇಳಿ. ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿದ್ದರೂ ಕೇಳಿ. ಮತ್ತೆ ಈ ನವೆಂಬರ್‌ನಲ್ಲಿ, ದಯವಿಟ್ಟು, ಮೊದಲ ಅರ್ಧ ಗಂಟೆಯಾದರೂ ಮೈಕು ಬೇಡ. ನಾಡಗೀತೆಯನ್ನು ಒಳಗೆ ಕೂತು ಕೇಳಬೇಕೆಂಬ ಆಸೆ ನಮಗೂ ಇದೆ.